ಅಳದ ನಂಜುಂಡೇಶ ಮತ್ತು ಹನ್ನೊಂದನೆಯ ದೆವ್ವ

ನಂಜನಗೂಡು ತಾಲ್ಲೂಕಿನಲ್ಲಿ ದೆವ್ವಗಳ ಕೊರತೆ ಇದೆ ಎಂಬುದನ್ನು ಮೊದಲು ಕಂಡುಹಿಡಿದವರು ನಾಗೇಂದ್ರ ಮೇಷ್ಟ್ರು. ಅವರು ಹಗಲು ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಪಾಠ ಮಾಡುತ್ತಾರೆ, ಸಂಜೆ ಸಾಹಿತ್ಯದ ತಂಟೆಗೆ ಹೋಗುತ್ತಾರೆ. ಹನ್ನೊಂದು ಜನ ಬರೆದ ಹನ್ನೊಂದು ಭಯಾನಕ ಕಥೆಗಳನ್ನು ಸೇರಿಸಿ 'ಹಿಂದುಮುಂದಾದ ಪಾದಗಳು' ಎಂಬ ಸಂಕಲನ ತರುವುದಾಗಿ ಅವರು ಘೋಷಿಸಿದ್ದರು. ಹತ್ತು ಕಥೆಗಳು ಬಂದವು. ಹತ್ತರಲ್ಲೂ ಮಂಜು ಕವಿದಿತ್ತು. ಹತ್ತರಲ್ಲೂ ಬೆಟ್ಟದ ಮೇಲೊಂದು ಬಂಗಲೆ, ಬಂಗಲೆಯಲ್ಲಿ ಯಾರೂ ಮುಟ್ಟದೆ ತಾನೇ ನುಡಿಯುವ ಪಿಯಾನೊ. ಹುಲ್ಲಹಳ್ಳಿಯವರೆಗೂ ಹುಡುಕಿದರೆ ಒಂದು ಹಾರ್ಮೋನಿಯಂ ಸಿಕ್ಕರೆ ಹೆಚ್ಚು ಎನ್ನುವ ಸೀಮೆಯಲ್ಲಿ ಹತ್ತು ಪಿಯಾನೊಗಳು ಒಟ್ಟಿಗೆ ನುಡಿಯತೊಡಗಿದ್ದು ಕಂಡು ಮೇಷ್ಟ್ರಿಗೆ ನಿಜವಾಗಿಯೂ ಭಯವಾಯಿತು.

ಹನ್ನೊಂದನೆಯ ಲೇಖಕ ನಮ್ಮ ನಂಜುಂಡೇಶ. ಬಸ್ ಸ್ಟ್ಯಾಂಡ್ ಹತ್ತಿರ ಅವನದೊಂದು ಫ್ಲೆಕ್ಸ್ ಅಂಗಡಿ. ಊರಿನ ಅರ್ಧ ಜನರ ಹುಟ್ಟುಹಬ್ಬ, ಇನ್ನರ್ಧ ಜನರ ಶ್ರದ್ಧಾಂಜಲಿ ಅವನ ಮೆಷಿನ್ನಿನಿಂದಲೇ ಹೊರಬೀಳುವುದು. ಪ್ರತಿ ಫ್ಲೆಕ್ಸಿನ ಕೆಳಮೂಲೆಯಲ್ಲೂ ಅವನ ಹೆಸರಿರುತ್ತದೆ, ಆದರೆ ಒಂದು ಪುಸ್ತಕದ ಒಳಗೆ ಅವನ ಹೆಸರು ಇದುವರೆಗೆ ಬಂದಿರಲಿಲ್ಲ. ಈ ಸಂಕಲನಕ್ಕೆ ಮುಖಪುಟ ಮಾಡಿಕೊಡುತ್ತೇನೆ, ಬದಲಿಗೆ ನನ್ನದೊಂದು ಕಥೆ ಹಾಕಬೇಕು ಎಂಬುದು ಒಪ್ಪಂದ. ಅವನು ಬರೆದುಕೊಟ್ಟದ್ದನ್ನು ಓದಿ ಮೇಷ್ಟ್ರು ಕನ್ನಡಕ ತೆಗೆದರು.

"ಏನ್ರೀ ಇದು? ಮಾರ್ಗರೆಟ್ ಅಂತೀರಿ, ಚರ್ಚಿನ ಗಂಟೆ ಅಂತೀರಿ. ಯಾವ ಕಡೆಯೋಳು ಈ ಹೆಂಗಸು?"

"ಲಂಡನ್ ಕಡೆ ಸಾರ್."

"ನೀವು ಲಂಡನ್ನಿಗೆ ಹೋಗಿದ್ರಾ?"

"ಮಡಿಕೇರಿಗೆ ಹೋಗಿದ್ದೆ. ಅಲ್ಲೂ ಮಂಜಿತ್ತು."

"ಅನುಭವ ಬೇಕು ಕಣ್ರೀ, ಅನುಭವ! ನಿಮ್ಮನೇಲಿ ಯಾರೂ ಸತ್ತಿಲ್ವಾ?"

"ಸತ್ತಿದಾರೆ ಸಾರ್. ಆದ್ರೆ ಯಾರೂ ವಾಪಸ್ ಬಂದಿಲ್ಲ."

"ಹಾಗಾದ್ರೆ ಕಥೆ ಬಿಟ್ಟೆ. ಗುರುವಾರ ಪ್ರೆಸ್ಸಿಗೆ ಕಳಿಸ್ತಿದೀನಿ, ಭಾನುವಾರ ಬಿಡುಗಡೆ. ಅಷ್ಟರೊಳಗೆ ಏನಾದ್ರೂ ನಿಜವಾದ್ದು ಸಿಕ್ಕಿದ್ರೆ ತನ್ನಿ. ಇಲ್ಲದಿದ್ರೆ ಮುಖಪುಟ ಮಾತ್ರ ನಿಮ್ದು."

ನಂಜುಂಡೇಶ ಅಂಗಡಿಗೆ ಬಂದು, ಯಾರಾದರೂ ಸತ್ತು ವಾಪಸ್ ಬರಲಪ್ಪ ಎಂದು ಶ್ರೀಕಂಠೇಶ್ವರನಲ್ಲಿ ಮೊರೆಯಿಟ್ಟ. ದೇವರು ಬೇಡಿದ್ದನ್ನು ಇಷ್ಟು ಚುರುಕಾಗಿ ಕೊಟ್ಟ ಉದಾಹರಣೆ ನಮ್ಮ ಪುರಾಣಗಳಲ್ಲೂ ಕಡಿಮೆ.

ಅದೇ ಹೊತ್ತಿಗೆ ತಿ. ನರಸೀಪುರದಲ್ಲಿ ಅವನ ದೊಡ್ಡವ್ವ ಚನ್ನಾಜಮ್ಮ ಹಿತ್ತಲಲ್ಲಿ ಬಟ್ಟೆ ಒಣಗಹಾಕುತ್ತಿದ್ದಳು. ಒಂದು ಕಾಗೆ ಬಂದು ಅವಳ ತಲೆಯ ಮೇಲೆ ಕೂತು, ಎರಡು ಸಲ ಕುಕ್ಕಿ, ಯಾವ ವಿವರಣೆಯನ್ನೂ ಕೊಡದೆ ಹಾರಿಹೋಯಿತು. ಚನ್ನಾಜಮ್ಮ ಕಿರುಚಿಕೊಂಡಳು. ಪಕ್ಕದ ಮನೆಯ ಚಿಕ್ಕಮಾದಮ್ಮ ಬೇಲಿಯ ಮೇಲಿಂದಲೇ ತೀರ್ಪು ಕೊಟ್ಟಳು.

"ತಲೆ ಮುಟ್ಬುಡ್ತಾ? ಅಯ್ಯೋ ಸಿವನೇ! ಸಾವಿನ ದೋಸ ಅದು, ಸುಮ್ನಿರಂಗಿಲ್ಲ ಕಣಕ್ಕ. ಯಾರಾದ್ರೂ ನೆಂಟ್ರಿಗೆ ನೀನು ಸತ್ತೋದೆ ಅಂತ ಸುಳ್ಳು ಸುದ್ದಿ ಕಳುಸ್ಬೇಕು. ಅವ್ರು ನಿಜ ಅನ್ಕಂಡು ಅಳ್ಬೇಕು. ಆ ಕಣ್ಣೀರಲ್ಲಿ ದೋಸ ಕೊಚ್ಕೊಂಡು ಓಯ್ತದೆ. ಆಮೇಲೆ 'ಸುಳ್ಳು ಕಣಪ್ಪ, ಬದುಕವ್ಳೆ' ಅನ್ನಾದು."

"ಅಳ್ದೇ ಇದ್ರೆ?"

"ಅಮಾಸೆ ಒಳಗೆ ಅಳ್ದೇ ಇದ್ರೆ," ಎಂದು ಚಿಕ್ಕಮಾದಮ್ಮ ಆಕಾಶ ನೋಡಿದಳು, "ಸುದ್ದಿ ನಿಜ ಆಯ್ತದೆ." ಅಮಾವಾಸ್ಯೆ ಸೋಮವಾರಕ್ಕಿತ್ತು.

ಯಾರಿಗೆ ಕಳುಹಿಸುವುದು ಎಂದು ಮಗ ಮದನ್ ಕೇಳಿದ. ಚನ್ನಾಜಮ್ಮನಿಗೆ ಯೋಚನೆಯೇ ಬೇಕಿರಲಿಲ್ಲ. "ನಮ್ ನಂಜುಂಡಂಗೆ ಏಳು. ತಂಗಿ ಮಗ ಅಂತ ಬರೀ ಏಳೋದಲ್ಲ, ರಜಾ ಬಂದಾಗೆಲ್ಲ ನಾನೇ ಸಾಕಿವ್ನಿ. ಊರಿಗೆ ವಾಪಸ್ ಕಳ್ಸೋ ದಿನ ನನ್ ಸೆರಗು ಇಡ್ಕಂಡು ಬಸ್ಸಿನೋರೆಲ್ಲ ಇಳ್ದು ಬರಂಗೆ ಅಳ್ತಿದ್ದ. ನಾನು ಸತ್ತೆ ಅಂದ್ರೆ ಅವ್ನು ಸಮಾಧಾನ ಆಗೋಕೆ ಒಂದ್ ವಾರ ಬೇಕು."

ಮದನ್ ಫೋನನ್ನು ಸ್ಪೀಕರಿಗೆ ಹಾಕಿದ. ಸುತ್ತ ಚನ್ನಾಜಮ್ಮ, ಚಿಕ್ಕಮಾದಮ್ಮ ಮತ್ತು ಉಚಿತವಾಗಿ ಏನಾದರೂ ನಡೆಯುತ್ತಿದ್ದರೆ ನಿಲ್ಲುವ ಬೀದಿಯ ಜನ.

"ಅಣ್ಣಾ... ಅವ್ವ ಓಗ್ಬುಟ್ಲು ಕಣಣ್ಣ."

"ಎಲ್ಲಿಗೆ?" ಎಂದ ನಂಜುಂಡೇಶ.

"ಎಲ್ಲಿಗೆ ಅಂದ್ರೆ... ಶಿವೈಕ್ಯ ಆದ್ಲು."

ಅಳು ಕೇಳಿಸೀತೆಂದು ಚನ್ನಾಜಮ್ಮ ಕಿವಿಯನ್ನು ಫೋನಿಗೆ ಒತ್ತಿದಳು.

ಇಲ್ಲಿ ಒಂದು ಮಾತು ಹೇಳಬೇಕು. ನಂಜುಂಡೇಶ ಈಚೆಗೆ ಅನುವಾದಿತ ಕಾದಂಬರಿಗಳನ್ನು ರಾಶಿ ಹಾಕಿಕೊಂಡು ಓದುತ್ತಿದ್ದ. ಅವುಗಳಲ್ಲಿ ಸಾವಿನ ಸುದ್ದಿ ಬಂದಾಗ ಯಾವ ನಾಯಕನೂ ಅಳುವುದಿಲ್ಲ. ಕಿಟಕಿಯ ಬಳಿ ಹೋಗಿ ಹೊರಗೆ ನೋಡುತ್ತಾನೆ. ನಂಜುಂಡೇಶನಿಗೂ ಅಳು ಉಕ್ಕಿಬಂತು. ಅವನು ಅದನ್ನು ಆಧುನಿಕವಾಗಿ ನುಂಗಿದ. ಅಂಗಡಿಗೆ ಕಿಟಕಿ ಇರಲಿಲ್ಲವಾದ್ದರಿಂದ ಶಟರ್ ಕಡೆ ಹೋಗಿ ನಿಂತ.

"ಸಾವು ಅನ್ನೋದು ಒಂದು ಅಲ್ಪವಿರಾಮ ಕಣೋ ಮದನ್."

"ಏನಣ್ಣ?"

"ಅಲ್ಪವಿರಾಮ. ದೊಡ್ಡವ್ವಂದು ಒಂದು ಒಳ್ಳೆ ಫೋಟೊ ಕಳ್ಸು. ವಾಟ್ಸಾಪಲ್ಲಿ ಬೇಡ, ದೊಡ್ಡದು ಮಾಡಿದ್ರೆ ಒಡೆದೋಗುತ್ತೆ. ಮೇಲ್ ಮಾಡು."

ಫೋನ್ ಕಟ್ಟಾಯಿತು. ಚನ್ನಾಜಮ್ಮ ಬಿಟ್ಟ ಬಾಯಿ ಮುಚ್ಚಲಿಲ್ಲ. "ಪೋಟ ಕೇಳ್ದ," ಎಂದಳು. "ಒಂದ್ ಅನಿ ಕಣ್ಣೀರಿಲ್ಲ, ಪೋಟ ಕೇಳ್ದ!"

"ಬೇರೆ ಯಾರಿಗಾದ್ರೂ ಹೇಳಾನೇನವ್ವ?" ಎಂದ ಮದನ್.

"ಆಗಕಿಲ್ಲ," ಎಂದಳು ಚಿಕ್ಕಮಾದಮ್ಮ. "ಒಬ್ರಿಗೆ ಏಳಿದ್ ಸಾವು ಇನ್ನೊಬ್ರಿಗೆ ಏಳಂಗಿಲ್ಲ. ಅವ್ನೇ ಅಳ್ಬೇಕು. ಕಳ್ಸು ಪೋಟವ. ಮುಖ ನೋಡ್ದಾಗ ಅಳು ಬಂದ್ರೂ ಬರಬೋದು."

ಫೋಟೊ ಹೋಯಿತು. ನಂಜುಂಡೇಶನ ಹೆಂಡತಿ ಗಾನವಿಗೂ ಗುಟ್ಟಾಗಿ ಫೋನ್ ಹೋಯಿತು. ವಿಷಯ ಬಾಯಿಬಿಡಬೇಡ, ಹೇಗಾದರೂ ಮಾಡಿ ಗಂಡನನ್ನು ಅಳಿಸು ಎಂದು. ಹೆಂಡತಿಯೊಬ್ಬಳಿಗೆ ಹಿರಿಯರು ಅಧಿಕೃತವಾಗಿ ಇಂಥ ಅನುಮತಿ ಕೊಡುವುದು ಅಪರೂಪ. ಗಾನವಿ ಶ್ರದ್ಧೆಯಿಂದ ಕೆಲಸ ಶುರುಮಾಡಿದಳು. ಅಂಗಡಿಗೇ ಬಂದು, ಫ್ಲೆಕ್ಸ್ ಡಿಸೈನ್ ಮಾಡುತ್ತಿದ್ದವನ ಪಕ್ಕದಲ್ಲಿ ಕೂತು ಈರುಳ್ಳಿ ಹೆಚ್ಚಿದಳು.

"ರೀ, ನಿಮಗೆ ಜ್ವರ ಬಂದಾಗ ದೊಡ್ಡಮ್ಮ ರಾತ್ರಿಯೆಲ್ಲ ಎದ್ದು ಕೂತಿದ್ರಂತೆ."

"ಹೂಂ. ಇಲ್ಲಿ ಹಿನ್ನೆಲೆಗೆ ಮೋಡ ಹಾಕ್ಲಾ, ನಂದಿ ಹಾಕ್ಲಾ?"

"ನಿಮಗೋಸ್ಕರ ಅವರೆಬೇಳೆ ಹಿತುಕಿ ಹಿತುಕಿ ಬೆರಳೇ ಹೋಗಿತ್ತಂತೆ. ಅಳು ಬಂದ್ರೆ ಅತ್ತುಬಿಡಿ, ನಾನು ಯಾರಿಗೂ ಹೇಳಲ್ಲ."

"ಗಾನವಿ, ಆಧುನಿಕ ಮನುಷ್ಯ ಒಳಗೆ ಅಳ್ತಾನೆ."

"ಸ್ವಲ್ಪ ಹೊರಗೂ ಅತ್ರೆ ಅನುಕೂಲ ಆಗಿತ್ತು," ಎಂದಳು ಗಾನವಿ. ಈರುಳ್ಳಿಗೆ ಅವಳ ಕಣ್ಣಲ್ಲೇ ನೀರು ಸುರಿಯುತ್ತಿತ್ತು.

ಫ್ಲೆಕ್ಸ್ ಪ್ರಿಂಟಾಗುವಾಗ ಕರೆಂಟು ಹೋಗಿ, ಬಂದು, ಮತ್ತೆ ಹೋಗಿ, ನಂಜುಂಡೇಶ ನರಸೀಪುರದಲ್ಲಿ ಬಸ್ಸಿಳಿದಾಗ ಮಧ್ಯಾಹ್ನ ಜಾರಿತ್ತು. ಮೊದಲು ಕರ್ತವ್ಯ ಎಂದುಕೊಂಡು ಸರ್ಕಲ್ಲಿನಲ್ಲೇ ಫ್ಲೆಕ್ಸ್ ಕಟ್ಟಿಸಿದ. ಮೋಡವೂ ಇತ್ತು, ನಂದಿಯೂ ಇತ್ತು, ನಡುವೆ ನಗುತ್ತಿರುವ ಚನ್ನಾಜಮ್ಮ. 'ಭಾವಪೂರ್ಣ ಶ್ರದ್ಧಾಂಜಲಿ. ನಿಮ್ಮ ಅಗಲಿಕೆಯಿಂದ ನೊಂದಿರುವ ತಿ. ನರಸೀಪುರದ ಸಮಸ್ತ ನಾಗರಿಕರು.' ಸಮಸ್ತ ನಾಗರಿಕರಿಗೆ ತಾವು ನೊಂದಿರುವುದು ಗೊತ್ತಾದದ್ದೇ ಆಗ.

ದೊಡ್ಡವ್ವನ ಬೀದಿಗೆ ಬಂದರೆ ಶಾಮಿಯಾನವಿಲ್ಲ, ಜನರಿಲ್ಲ. ತಡವಾಯಿತು, ಮಣ್ಣು ಮಾಡಲು ಹೊರಟುಹೋಗಿದ್ದಾರೆ ಎಂದುಕೊಂಡ. ಆ ಬಿರುಬಿಸಿಲಿನಲ್ಲಿ, ಮನೆಯ ಜಗಲಿಯ ಮೇಲೆ, ಮೊರದ ತುಂಬ ಅವರೆಕಾಯಿ ಇಟ್ಟುಕೊಂಡು ಚನ್ನಾಜಮ್ಮ ಸುಲಿಯುತ್ತ ಕೂತಿದ್ದಳು. ಅವನು ಬಂದರೆ ಒಳಗೆ ಅಡಗಿಕೊಳ್ಳಬೇಕೆಂದು ಚಿಕ್ಕಮಾದಮ್ಮ ಎಚ್ಚರಿಸಿದ್ದಳು ನಿಜ. ಆದರೆ ಒಳಗೆ ಸೆಕೆ.

ಚನ್ನಾಜಮ್ಮ ತಲೆಯೆತ್ತಿದಳು. ಸಿಕ್ಕಿಬಿದ್ದೆನೆಂಬ ಗಾಬರಿಯಲ್ಲಿ ಅವಳಿಗೆ ಒಂದೇ ವಿಷಯ ಹೊಳೆಯಿತು.

"ಬಂದ್ಯಾ ನಂಜುಂಡ? ಅತ್ತ್ಯೇನ್ಲಾ?"

ನಂಜುಂಡೇಶ ಹಿಂದಕ್ಕೆ ಒಂದು ಹೆಜ್ಜೆ ಇಟ್ಟ. ಅವನ ಚಪ್ಪಲಿ ಅಲ್ಲೇ ಉಳಿಯಿತು.

"ಓಡ್ಬೇಡ ಕಣ್ಲಾ! ಒಂದ್ಸಲ ಅತ್ಬುಟ್ಟು ಓಗು! ಅಳೋ, ನಂಜುಂಡಾ! ಅಳೋ!"

ಮೊರ ಹಿಡಿದು ದೊಡ್ಡವ್ವ ಹಿಂದೆ, ಬರಿಗಾಲಲ್ಲಿ ನಂಜುಂಡೇಶ ಮುಂದೆ. ದಾರಿಯುದ್ದಕ್ಕೂ ಅವರೆಕಾಯಿ ಚೆಲ್ಲುತ್ತ ಬಸ್ ಸ್ಟ್ಯಾಂಡಿನವರೆಗೂ ಬಂದಳು. ನಂಜುಂಡೇಶ ಹೊರಟಿದ್ದ ಬಸ್ಸಿಗೆ ಹಾರಿ, ಕಂಡಕ್ಟರನ್ನು ಅಪ್ಪಿಕೊಂಡು ನಿಂತ. ಉಸಿರು ಮರಳಿದ ಮೇಲೆ ಅವನ ಮುಖದಲ್ಲಿ ಮೂಡಿದ್ದು ಭಯವಲ್ಲ, ಕೃತಜ್ಞತೆ. ಅನುಭವ ಸಿಕ್ಕಿತ್ತು!

ಮನೆಯಲ್ಲಿ ಗಾನವಿ ಕಾದಿದ್ದಳು. ಮದನ್ ಆಗಲೇ ಅವಳಿಗೆ ಫೋನ್ ಮಾಡಿ, ಅಣ್ಣ ಅವ್ವನನ್ನು ನೋಡಿಬಿಟ್ಟ, ಇನ್ನೇನು ಮುಚ್ಚಿಡುವುದು ಎಂದು ಹೇಳಿದ್ದ.

"ದೊಡ್ಡಮ್ಮನ್ನ ನೋಡಿದ್ರಂತೆ?"

"ನೋಡ್ದೆ." ಅವನು ಬಾಗಿಲ ಚಿಲಕ ಹಾಕಿದ.

"ಚೆನ್ನಾಗಿದಾರಾ?"

"ಹಾಗೇ ಇದಾರೆ. ಅವರೆಕಾಯಿ ಸುಲೀತಿದ್ರು."

"ಸರಿ ಬಿಡಿ, ಗೊತ್ತಾಯ್ತಲ್ಲ. ಕಾಲು ತೊಳ್ಕೊಳಿ, ಮುದ್ದೆ ಮಾಡ್ತೀನಿ."

ನಂಜುಂಡೇಶ ಬೆರಗಾದ. ಮದುವೆಯಾಗಿ ಇಷ್ಟು ದಿನವಾದರೂ ಹೆಂಡತಿಯ ಎದೆಗಾರಿಕೆ ತನಗೆ ತಿಳಿದಿರಲಿಲ್ಲವಲ್ಲ! ಪ್ರೇತದ ಸುದ್ದಿ ಕೇಳಿ ಮುದ್ದೆ ಮಾಡುವ ಹೆಂಗಸನ್ನು ಯಾವ ಅನುವಾದದಲ್ಲೂ ಅವನು ಓದಿರಲಿಲ್ಲ.

ಊಟವಾದ ಮೇಲೆ ಫೋನ್ ಬಡಿದುಕೊಂಡಿತು. ಪರದೆಯ ಮೇಲೆ 'ದೊಡ್ಡವ್ವ'. ನಂಜುಂಡೇಶ ಎರಡು ಬೆರಳಲ್ಲಿ ಎತ್ತಿಕೊಂಡ.

"ನಂಜುಂಡ, ಅಮಾಸೆ ಒಳಗೆ ಅತ್ಬುಡ್ಲಾ ಮಗ. ನೀನು ಅಳೋಗಂಟ ನನ್ಗೆ ಬುಡುಗಡೆ ಇಲ್ಲ."

ಫೋನು ಅಕ್ಕಿ ಡಬ್ಬದೊಳಗೆ ಹೋಯಿತು, ಮುಚ್ಚಳದ ಮೇಲೆ ರುಬ್ಬುವ ಗುಂಡು ಬಂತು. ಅಕ್ಕಿಯೊಳಗಿಂದ ಆಗಾಗ ಏಳುತ್ತಿದ್ದ ರಿಂಗ್‌ಟೋನ್ ಕೇಳುತ್ತಲೇ ಅವನು ಕಥೆ ಬರೆದ. ಹೆಸರು 'ಬಿಡುಗಡೆ'. ಇಸವಿ, ಊರು, ಬೀದಿ, ದೊಡ್ಡವ್ವನ ಪೂರ್ತಿ ಹೆಸರು ಎಲ್ಲ ಇತ್ತು. ಜೊತೆಗೆ ಫ್ಲೆಕ್ಸಿನ ಫೋಟೊ. ನಾಗೇಂದ್ರ ಮೇಷ್ಟ್ರು ಓದುತ್ತಿದ್ದ ಹಾಗೆ ಅವರ ಕೈ ಮೇಲಿನ ಕೂದಲು ಒಂದೊಂದಾಗಿ ಎದ್ದು ನಿಂತಿತು.

"ನಿಜಾನೇನ್ರೀ?"

"ನನ್ನ ಚಪ್ಪಲಿ ಇನ್ನೂ ಅಲ್ಲೇ ಇದೆ ಸಾರ್."

"ಮುನ್ನುಡೀಲಿ ಬರೀತೀನಿ. 'ಕೊನೆಯ ಕಥೆ ಸಂಪೂರ್ಣ ಸತ್ಯ' ಅಂತ!"

ಇತ್ತ ನರಸೀಪುರದಲ್ಲಿ ಆ ಫ್ಲೆಕ್ಸ್ ತನ್ನ ಕೆಲಸ ನಡೆಸಿತ್ತು. ಸೋಮನಾಥಪುರದ ಬೀಗರು ಹಾರ ತಂದರು. ಬಾಗಿಲಲ್ಲಿ ಚನ್ನಾಜಮ್ಮನನ್ನೇ ಕಂಡು, ತಂದ ಹಾರವನ್ನು ಏನು ಮಾಡುವುದೆಂದು ತಿಳಿಯದೆ ಅವಳ ಕೊರಳಿಗೇ ಹಾಕಿ ಕಾಫಿ ಕುಡಿದು ಹೋದರು. ಅವರಲ್ಲಿ ಇಬ್ಬರು ದಾರಿಯಲ್ಲೇ ಅತ್ತಿದ್ದರಂತೆ. "ಲೆಕ್ಕಕ್ಕಿಲ್ಲ," ಎಂದಳು ಚಿಕ್ಕಮಾದಮ್ಮ. ಶುಕ್ರವಾರ ಕಂದಾಯ ಇಲಾಖೆಯ ದೇವಯ್ಯ ಬಂದ.

"ಚನ್ನಾಜಮ್ಮನವರ ಮನೆ ಇದೇನಾ? ಅವರ ಪಿಂಚಣಿ ನಿಲ್ಲಿಸ್ಬೇಕಿತ್ತು. ಯಾವತ್ತು ತೀರ್ಕೊಂಡ್ರು?"

"ನಾನೇ ಕಣಪ್ಪ ಚನ್ನಾಜಮ್ಮ."

ದೇವಯ್ಯ ಅವಳನ್ನೂ, ಮೊಬೈಲಿನಲ್ಲಿ ತೆಗೆದುಕೊಂಡಿದ್ದ ಫ್ಲೆಕ್ಸಿನ ಚಿತ್ರವನ್ನೂ ನೋಡಿದ. "ಇರಬೋದಮ್ಮ. ಆದ್ರೆ ಸರ್ಕಲ್ಲಲ್ಲಿ ಸಮಸ್ತ ನಾಗರಿಕರು ನೊಂದಿದಾರಲ್ಲ?"

"ಉಸಿರಾಡ್ತಾ ಇವ್ನಿ ಕಣಪ್ಪ, ಕಾಣಕಿಲ್ವಾ?"

"ನಂಗೆ ಕಾಣುತ್ತೆ. ಮೇಲಿನೋರಿಗೆ ಏನಂತ ಬರೀಲಿ? ಆ ಫ್ಲೆಕ್ಸ್ ಕಟ್ಟಿದೋರೇ ಬಂದು ಬದುಕಿದಾರೆ ಅಂತ ಹೇಳ್ಲಿ."

ಅವನು ಹೋದ ಮೇಲೆ ಚನ್ನಾಜಮ್ಮ ಜಗಲಿಯ ಮೇಲೆ ಕೂತಳು. "ಪಿಂಚಣಿ ಮನೆ ಆಳಾಗೋಗ್ಲಿ," ಎಂದಳು ಮಗನಿಗೆ. "ಬೀಗ್ರು ಅತ್ರು. ಸರ್ಕಲ್ಲಲ್ಲಿ ಊ ಮಾರೋಳು ಅತ್ಲಂತೆ. ನಾನು ಸಾಕಿದೋನು ಅಳ್ನಿಲ್ವಲ್ಲ ಮದ. ಕರ್ಕೊಂಡು ನಡಿ ನಂಜನಗೂಡಿಗೆ. ಅಮಾಸೆ ಬಂದ್ಬುಡ್ತು."

ಭಾನುವಾರ ಬೆಳಿಗ್ಗೆ ಕಲ್ಯಾಣ ಮಂಟಪವೊಂದರ ಮೇಲ್ಮಹಡಿಯಲ್ಲಿ 'ಹಿಂದುಮುಂದಾದ ಪಾದಗಳು' ಬಿಡುಗಡೆಯಾಯಿತು. ವೇದಿಕೆಯ ಮೇಲೆ ಶಾಲು ಹೊದ್ದ ಹತ್ತು ಪಿಯಾನೊ ಲೇಖಕರು. ಉಪ್ಪಿಟ್ಟು ಮುಗಿಸಿದ ಸಭಿಕರ ಕೈಯಲ್ಲಿ ಒಂದೊಂದು ಪ್ರತಿ, ಎಲ್ಲರೂ ತೆರೆದು ನೋಡುತ್ತಿದ್ದದ್ದು ಕೊನೆಯ ಕಥೆಯ ಫೋಟೊ. ನಂಜುಂಡೇಶ ಮೈಕಿನ ಮುಂದೆ ನಿಂತು ಗಂಭೀರವಾಗಿ ಓದುತ್ತಿದ್ದ.

"...ಆಗ ಆ ಪ್ರೇತವು ಬಾಯಿ ತೆರೆದು, ಪಾತಾಳದಿಂದ ಬಂದಂಥ ದನಿಯಲ್ಲಿ..."

"ಇಲ್ಲವ್ನೆ ನೋಡು!" ಎಂದಿತು ಬಾಗಿಲ ಕಡೆಯಿಂದ ಒಂದು ದನಿ.

ಸಭೆ ತಿರುಗಿ ನೋಡಿತು. ಆಮೇಲೆ ಪುಸ್ತಕ ನೋಡಿತು. ಮತ್ತೆ ತಿರುಗಿ ನೋಡಿತು. ಫೋಟೊದಲ್ಲಿದ್ದ ಮೂಗುಬೊಟ್ಟೇ ಬಾಗಿಲಲ್ಲಿ ಹೊಳೆಯುತ್ತಿತ್ತು. ಮೊದಲು ಓಡಿದವರು ಹತ್ತು ಜನ ಲೇಖಕರು. ಬಂಗಲೆಯ ದೆವ್ವಗಳ ಜೊತೆ ಅಷ್ಟು ಸಲಿಗೆಯಿಂದ ಇದ್ದವರು ಹಿಂಬಾಗಿಲ ಮೆಟ್ಟಿಲಲ್ಲಿ ಒಬ್ಬರ ಶಾಲು ಒಬ್ಬರು ತುಳಿದು ಕೆಳಗಿನ ಊಟದ ಹಾಲಿಗೆ ಉರುಳಿದರು. ನಾಗೇಂದ್ರ ಮೇಷ್ಟ್ರು ಮೇಜಿನ ಕೆಳಗೆ ಸೇರಿದರು. ನಂಜುಂಡೇಶನಿಗೂ ಓಡಬೇಕೆಂದಿತ್ತು, ಕಾಲಿಗೆ ಮೈಕಿನ ವೈರು ಸುತ್ತಿಕೊಂಡಿತ್ತು.

ಚನ್ನಾಜಮ್ಮ ವೇದಿಕೆ ಹತ್ತಿ, ಅವನ ಕೈಯಿಂದ ಪುಸ್ತಕ ಕಿತ್ತುಕೊಂಡು ಮದನನಿಗೆ ಕೊಟ್ಟಳು. ಮದನ್ ಮೈಕಿನಲ್ಲೇ ಎರಡು ಸಾಲು ಓದಿ ನಿಲ್ಲಿಸಿದ.

"ಏನಂತ ಬರ್ದವ್ನೆ?"

"ನಿನ್ನ ದೆವ್ವ ಅಂತ ಬರ್ದವ್ನೆ ಕಣವ್ವ."

"ದೆವ್ವ?" ಅವಳು ಕೊರಳಿನ ಲಿಂಗದ ಕರಡಿಗೆಯನ್ನು ಹೊರಗೆಳೆದು ಸಭೆಗೆಲ್ಲ ತೋರಿಸಿದಳು. "ಲಿಂಗ ಕಟ್ಟಿರೋಳು ಕಣ್ಲಾ ನಾನು! ನಿಜ್ವಾಗ್ಲೂ ಸತ್ರೆ ಸಿವನ ಪಾದ ಸೇರೋಳು. ನಿನ್ನಂಥೋನ ಇಂದೆ ಮೊರ ಇಡ್ಕಂಡು ಓಡೋಕೆ ಬತ್ತೀನೇನ್ಲಾ?"

"ಬದುಕಿದೀಯಾ ದೊಡ್ಡವ್ವ?" ಎಂದ ನಂಜುಂಡೇಶ. ಮೈಕು ಆನ್ ಇದ್ದುದರಿಂದ ಪ್ರಶ್ನೆ ಬೀದಿಗೂ ಕೇಳಿಸಿತು.

ಮದನ್ ಕಾಗೆಯಿಂದ ಹಿಡಿದು ಕಂದಾಯ ಇಲಾಖೆಯವರೆಗೆ ಎಲ್ಲ ಹೇಳಿದ. ಸಭಿಕರು ಬಿದ್ದು ಬಿದ್ದು ನಕ್ಕರು. ಮುಂದಿನ ಸಾಲಿನಲ್ಲಿದ್ದ ಗಾನವಿ ತಲೆ ಚಚ್ಚಿಕೊಂಡಳು. "ರೀ, ಅವತ್ತು ಗೊತ್ತಾಯ್ತಲ್ಲ ಅಂದಾಗ ನಿಮಗೆ ಏನು ಗೊತ್ತಾಗಿತ್ತು?"

ಮೇಜಿನ ಕೆಳಗಿಂದ ನಾಗೇಂದ್ರ ಮೇಷ್ಟ್ರು ಹೊರಬಂದರು. ಪಂಚೆ ಕೊಡವಿಕೊಂಡು ಸಂಪಾದಕರಾದರು.

"ಸಂಪೂರ್ಣ ಸತ್ಯ ಅಂತ ಮುನ್ನುಡಿ ಬರೆದುಬಿಟ್ಟಿದೀನಲ್ರೀ! ಬದುಕಿರೋರನ್ನ ಹೆಸರು, ಫೋಟೊ ಸಮೇತ ದೆವ್ವ ಅಂತ ಅಚ್ಚು ಹಾಕಿದ್ರೆ ನಾಳೆ ಲಾಯರ್ ನೋಟೀಸ್ ಬರುತ್ತೆ. ಈ ಕಥೆ ಇರೋಹಾಗಿಲ್ಲ. ಪುಟ ಕತ್ತರಿಸ್ಬೇಕು. ಎಲ್ಲ ಪ್ರತೀಲೂ. ಯಾರ ಹತ್ರ ಆದ್ರೂ ಬ್ಲೇಡಿದ್ಯಾ?"

"ಫ್ಲೆಕ್ಸ್ ಕಟರ್ ಇದೆ ಸಾರ್," ಎಂದು ನಂಜುಂಡೇಶ ಅಭ್ಯಾಸಬಲದಿಂದ ಜೇಬಿನಿಂದ ತೆಗೆದುಕೊಟ್ಟ.

ಮೇಷ್ಟ್ರು ಮೊದಲ ಪ್ರತಿ ತೆಗೆದು ಬೆನ್ನಿನ ಹತ್ತಿರ ಕಟರ್ ಎಳೆದರು. ನಂಜುಂಡೇಶನ ಹೆಸರು, ಜೀವನದಲ್ಲಿ ಮೊದಲ ಸಲ ಪುಸ್ತಕದ ಒಳಗೆ ಬಂದಿದ್ದ ಹೆಸರು, ನೆಲಕ್ಕೆ ಬಿತ್ತು. ಎರಡನೆಯ ಪ್ರತಿ. ಮೂರನೆಯದು. ನಂಜುಂಡೇಶ ಕಿಟಕಿಯ ಕಡೆ ನೋಡಿದ. ಇಲ್ಲಿ ಕಿಟಕಿ ಇತ್ತು, ಆದರೆ ಉಪಯೋಗಕ್ಕೆ ಬರಲಿಲ್ಲ. ಕೆನ್ನೆಯ ಮೇಲೊಂದು ಹನಿ ಇಳಿಯಿತು.

"ಅಳ್ತಾವ್ನೆ!" ಎಂದು ಚನ್ನಾಜಮ್ಮ ಕೂಗಿದಳು. "ಮದ, ಅಳ್ತಾವ್ನೆ ಕಣೋ!"

"ಅವ್ವ, ಅದು ಪುಸ್ತಕಕ್ಕೆ ಅಳ್ತಿರೋದು," ಎಂದ ಮದನ್. "ಲೆಕ್ಕಕ್ಕೆ ಬರಕಿಲ್ಲ."

ಚನ್ನಾಜಮ್ಮನ ಮುಖ ಸಣ್ಣದಾಯಿತು. ನಂಜುಂಡೇಶನ ಹತ್ತಿರ ಹೋಗಿ, ಮೈಕಿಗೆ ಕೇಳಿಸದ ಹಾಗೆ ಕೇಳಿದಳು. "ನಂಜುಂಡ, ನಾನು ನಿಜ್ವಾಗ್ಲೂ ಓಗ್ಬುಟ್ರೂ ಇಂಗೆಯೇನ್ಲಾ? ಪೋಟ ಕೇಳ್ತೀಯಾ?"

ನಂಜುಂಡೇಶನಿಗೆ ಅಲ್ಪವಿರಾಮ, ಆಧುನಿಕತೆ ಒಂದೂ ನೆರವಿಗೆ ಬರಲಿಲ್ಲ. ಅಷ್ಟರಲ್ಲಿ ಅವಳ ಸೊಂಟದ ಚೀಲದಲ್ಲಿದ್ದ ಫೋನು ಬಡಿದುಕೊಂಡಿತು. ಚಿಕ್ಕಮಾದಮ್ಮ. ಆಕೆಯ ಮಾತು ಸ್ಪೀಕರಿನ ಅಗತ್ಯವಿಲ್ಲದೆ ಇಡೀ ಹಾಲಿಗೆ ಕೇಳುತ್ತಿತ್ತು.

"ಅತ್ನಾ ಅಕ್ಕ?"

ಚನ್ನಾಜಮ್ಮ ಒಂದು ಕ್ಷಣ ನಂಜುಂಡೇಶನನ್ನು ನೋಡಿದಳು. ನೆಲದ ಮೇಲೆ ಬಿದ್ದಿದ್ದ ಪುಟಗಳನ್ನು ನೋಡಿದಳು.

"ಅತ್ತ ಕಣೆ," ಎಂದಳು. "ನನ್ ಮುಖ ನೋಡ್ದೇಟ್ಗೇ ಗೊಳೋ ಅಂತ ಅತ್ಬುಟ್ಟ. ನಿಲ್ಸೋಕೆ ಆಯ್ತಾ ಇಲ್ಲ."

"ನಿಂಗೇ ಅತ್ನಾ? ಇನ್ಯಾವುದುಕ್ಕಾರ ಅತ್ತಿದ್ರೆ ದೋಸ ಕಳಿಯಕಿಲ್ಲ, ನೋಡು. ನಿನ್ ಜೀವದ ಇಸ್ಯ."

"ನಂಗಲ್ದೆ ಇನ್ಯಾರಿಗೆ ಅಳ್ತಾನೆ ಉಚ್ಚಿ? ನಾನು ಸಾಕಿದ್ ಮಗ. ಸಣ್ಣೋನಿದ್ದಾಗ್ಲೂ ಇಂಗೇ. ಮನಸು ಬೆಣ್ಣೆ ಅವುಂದು."

ತನ್ನ ಜೀವವನ್ನೇ ಪಣಕ್ಕಿಟ್ಟು, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ ದೊಡ್ಡವ್ವ ತನಗಾಗಿ ಸುಳ್ಳು ಹೇಳುವುದನ್ನು ನಂಜುಂಡೇಶ ನೋಡುತ್ತ ನಿಂತಿದ್ದ. ಆಮೇಲೆ ಒಳಗೆ ಏನೋ ಕಟ್ಟೆ ಒಡೆಯಿತು. ಅವನು ಅತ್ತ. ಯಾವ ಭಾಷೆಯಿಂದಲೂ ಅನುವಾದವಾಗದ ಅಳು ಅದು. ಸೆರಗು ಹಿಡಿದುಕೊಂಡು, ಮೂಗು ಸುರಿಸಿಕೊಂಡು, "ದೊಡ್ಡವ್ವಾ" ಎಂದು ಎರಡು ಕೈಯಲ್ಲೂ ಅವಳನ್ನು ತಬ್ಬಿಕೊಂಡು ಅತ್ತ. ಮೇಷ್ಟ್ರ ಕೈಯಲ್ಲಿದ್ದ ಕಟರ್ ನಿಂತುಹೋಯಿತು. ಬಸ್ಸಿನೋರೆಲ್ಲ ಇಳಿದು ಬರುವಂಥ ಆ ದನಿಗೆ ಹಿಂಬಾಗಿಲಲ್ಲಿ ಹತ್ತು ಶಾಲುಗಳು ಒಂದೊಂದಾಗಿ ಇಣುಕಿದವು.

ಚನ್ನಾಜಮ್ಮ ಹೆಮ್ಮೆಯಿಂದ ಫೋನನ್ನು ಅವನ ಬಾಯಿಯ ಹತ್ತಿರ ಹಿಡಿದಳು. "ಕೇಳ್ಸ್ತಾ? ಕೇಳುಸ್ಕೊ!"

ಫೋನಿನ ಆ ಕಡೆಯಿಂದ ಮೊದಲು ಮೂಗೆಳೆಯುವ ಸದ್ದು ಬಂತು. ಆಮೇಲೆ ಒಂದು ಬಿಕ್ಕು. ಆಮೇಲೆ ಚಿಕ್ಕಮಾದಮ್ಮನೂ ದನಿಯೆತ್ತಿ ಶುರುಮಾಡಿದಳು, "ಅಯ್ಯೋ ನನ್ನಕ್ಕಾ, ಎಂಥ ಎಂಗ್ಸಾಗಿದ್ಯಲ್ಲಕ್ಕಾ..."

"ನೀನ್ಯಾಕೆ ಅಳ್ತೀಯೆ!" ಎಂದು ಚನ್ನಾಜಮ್ಮ ಫೋನಿಗೆ ಗದರಿಕೊಂಡಳು. "ನಾನು ಬದುಕೇ ಇವ್ನಿ ಕಣೆ!"